ಕಾರಿನ ಬಟನ್‌ಗೆ ಗೇಟು ಓಗೊಡದಿದ್ದಾಗ: ದೋಷ ಹುಡುಕುವ ಬಗೆ

ನಾನು ಕಾರು ಓಡಿಸಿಕೊಂಡು ಬಂದರೆ ಗೇಟು ತೆರೆಯುವುದಿಲ್ಲ. ಅದೇ ಕಾರನ್ನು ನನ್ನ ಹೆಂಡತಿ ತಂದು ಅದೇ ಬಟನ್ ಒತ್ತಿದರೆ ತೆರೆಯುತ್ತದೆ. ಕಳೆದ ದಸರೆಯಲ್ಲಿ ಆಯುಧಪೂಜೆ ಮುಗಿದ ಮಾರನೆಯ ದಿನದಿಂದ ಐದು ದಿನ ಮೈಸೂರಿನ ಕುವೆಂಪುನಗರದ ನಮ್ಮ ಮನೆ ಮುಂದೆ ನಡೆದದ್ದು ಇದೇ. ಗೇಟಿನ ಕೆಲಸ ಬಲ್ಲವರೊಬ್ಬರು ಬಂದು ನೋಡಿ, ರಿಮೋಟಿನ ಸಂಕೇತ ಹಿಡಿಯುವ ರಿಸೀವರ್ ಬೋರ್ಡ್ ಹೋಗಿದೆ, ಹೊಸದು ಹಾಕಿಸಿ ಅಂದರು. ಬೋರ್ಡ್ ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ಕಾರಿನೊಳಗೆ, ನನ್ನ ಎಡ ಮೊಣಕೈ ಕೆಳಗೆ. ಅದನ್ನು ಹುಡುಕಿದ ದಾರಿಯನ್ನೂ, ಹುಡುಕುವಾಗ ಸಿಕ್ಕ ಬೇರೆ ದೋಷಗಳನ್ನೂ ಬರೆದಿಡುತ್ತಿದ್ದೇನೆ. ಹೀಗೆ ಸಿಕ್ಕಿಕೊಂಡವರಿಗೆ ಒಂದು ಬೋರ್ಡಿನ ದುಡ್ಡಾದರೂ ಉಳಿಯಲಿ.

ಕಾರಿನೊಳಗಿನ ಬಟನ್‌ನಿಂದಲೇ ಗೇಟು ತೆರೆಯುವ ಈ ಸೌಲಭ್ಯ ನಮ್ಮಲ್ಲಿ ದುಬಾರಿ ಕಾರುಗಳಲ್ಲಿ ಮಾತ್ರ ಕಾಣುತ್ತದೆ. ಈಗ ಅಂಥ ಕಾರುಗಳು ಸೆಕೆಂಡ್ ಹ್ಯಾಂಡ್ ಆಗಿ ಮಧ್ಯಮ ವರ್ಗದ ಮನೆಗಳಿಗೂ ಬರುತ್ತಿವೆ, ನಮ್ಮದೂ ಹಾಗೆ ಬಂದದ್ದೇ. ಸನ್‌ವೈಸರ್ ಮೇಲೋ, ಒಳಗಿನ ಕನ್ನಡಿಯ ಅಡಿಯಲ್ಲೋ, ಚಾವಣಿಯಲ್ಲಿ ಕನ್ನಡಕ ಇಡುವ ಗೂಡಿನ ಪಕ್ಕದಲ್ಲೋ ಸಾಮಾನ್ಯವಾಗಿ ಮೂರು ಬಟನ್ ಇರುತ್ತವೆ, ಮನೆಯ ಚಿತ್ರ ಬರೆದಿರುತ್ತದೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹೋಮ್‌ಲಿಂಕ್ ಎಂಬ ಹೆಸರಿನದು. ಗ್ಯಾರೇಜ್ ಬಾಗಿಲಿಗೆಂದು ಮಾಡಿದ್ದನ್ನು ನಾವು ಜಾರುವ ಗೇಟಿಗೆ, ರೋಲಿಂಗ್ ಶಟರ್‌ಗೆ ಬಳಸುತ್ತೇವೆ. ಆ ಬಟನ್‌ಗೆ ತನ್ನದೇ ಕೋಡ್ ಎಂಬುದಿಲ್ಲ. ಗೇಟಿನ ಕೈ ರಿಮೋಟನ್ನು ಹತ್ತಿರ ಹಿಡಿದು ಕಲಿಸಿದಾಗ ಅದು ಯಾವ ತರಂಗದಲ್ಲಿ ಏನು ಹೇಳುತ್ತಿದೆ ಎಂದು ನೆನಪಿಟ್ಟುಕೊಂಡು, ಮುಂದೆ ಅದನ್ನೇ ಹೇಳುತ್ತದೆ. ನಮ್ಮಲ್ಲಿ ಮಾರುವ ಗೇಟ್ ರಿಮೋಟ್‌ಗಳಲ್ಲಿ ಹೆಚ್ಚಿನವು 433.92 ಮೆಗಾಹರ್ಟ್ಜ್‌ನಲ್ಲಿ ಮಾತಾಡುತ್ತವೆ. ಬಹಳಷ್ಟು ಕಾರುಗಳ ಲಾಕ್ ರಿಮೋಟ್ ಕೂಡ ಅದೇ ತರಂಗಾಂತರದಲ್ಲಿ. ಈ ಒಂದು ಸಂಗತಿ ಮುಂದೆ ಉಪಯೋಗಕ್ಕೆ ಬರುತ್ತದೆ.

ಮೊದಲು ಮೂರು ಪರೀಕ್ಷೆ

ಏನನ್ನೂ ಬಿಚ್ಚುವ ಮುಂಚೆ ಗೋಡೆಯ ಸ್ವಿಚ್ ಒತ್ತಿ. ಅದಕ್ಕೂ ಗೇಟು ಅಲುಗದಿದ್ದರೆ ರಿಮೋಟಿನ ಮಾತೇ ಬೇಡ. ಕರೆಂಟು, ಫ್ಯೂಸು, ಮೋಟರು, ಹಳಿಯಲ್ಲಿ ಸಿಕ್ಕ ಕಲ್ಲು ಇವನ್ನು ನೋಡಿ. ಸ್ವಿಚ್‌ಗೆ ಗೇಟು ಓಡಿದರೆ ಎರಡನೆಯದು: ಕೈ ರಿಮೋಟ್ ಹಿಡಿದು ಮೋಟರಿನಿಂದ ಎರಡು ಮೀಟರ್ ದೂರದಲ್ಲಿ ನಿಂತು ಒತ್ತಿ. ಆಮೇಲೆ ಮೂರನೆಯದು: ಕಾರನ್ನು ಗೇಟಿಗೆ ಹತ್ತಿರ ತಂದು ಕಾರಿನ ಬಟನ್ ಒತ್ತಿ, ಹಿಂದೆ ಸರಿಸಿಕೊಂಡು ಹೋಗಿ ಮತ್ತೆ ಒತ್ತಿ. ಪ್ರತಿಯೊಂದನ್ನೂ ಹತ್ತು ಸಲ ಮಾಡಿ, ಎಷ್ಟು ಸಲ ಕೆಲಸ ಮಾಡಿತು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಒಮ್ಮೆ ಒತ್ತಿ ಆಗಲಿಲ್ಲ ಅಂತ ಬಿಟ್ಟರೆ ಸಂಕೇತವೇ ಹೋಗುತ್ತಿಲ್ಲವೋ, ಆಗಾಗ ಮಾತ್ರ ಹೋಗುತ್ತಿಲ್ಲವೋ ತಿಳಿಯುವುದಿಲ್ಲ. ಇವೆರಡಕ್ಕೂ ಔಷಧ ಬೇರೆ ಬೇರೆ.

ಸ್ವಿಚ್‌ಗೆ ಓಡುತ್ತದೆ, ಯಾವ ರಿಮೋಟಿಗೂ ಓಡುವುದಿಲ್ಲ

ಕೈ ರಿಮೋಟಿನ ಸೆಲ್ ಮೊದಲು. 12 ವೋಲ್ಟಿನ ಸಣ್ಣ 27ಎ ಸೆಲ್ಲೋ, 3 ವೋಲ್ಟಿನ ಸಿಆರ್2032 ಬಿಲ್ಲೆಯೋ ಇರುತ್ತದೆ. ರಿಮೋಟಿನ ಕೆಂಪು ದೀಪ ಹತ್ತಿತು ಅಂದ ಮಾತ್ರಕ್ಕೆ ಸೆಲ್ ಚೆನ್ನಾಗಿದೆ ಎಂದಲ್ಲ. ದೀಪಕ್ಕೆ ಸಾಲುವಷ್ಟು ಶಕ್ತಿ ಇದ್ದೂ ಸಂಕೇತಕ್ಕೆ ಸಾಲದೆ ಇರಬಹುದು. ಹೊಸ ಸೆಲ್ ಹಾಕಿ ನೋಡುವುದು ಸುಲಭ.

ಅದೂ ಆಗದಿದ್ದರೆ ಮೋಟರಿನ ಪೆಟ್ಟಿಗೆ. ಕರೆಂಟು ಕಡಿಯುವ ಎಂಸಿಬಿ ಸ್ವಿಚ್ ಇಳಿಸದೆ ಮುಚ್ಚಳ ತೆಗೆಯಲೇಬೇಡಿ. ಒಳಗೆ 230 ವೋಲ್ಟ್ ಇರುತ್ತದೆ, ಇಳಿಸಿದ ಮೇಲೂ ಕೆಪಾಸಿಟರ್ ಸ್ವಲ್ಪ ಹೊತ್ತು ಚಾರ್ಜ್ ಹಿಡಿದಿರುತ್ತದೆ. ಧೈರ್ಯ ಬರದಿದ್ದರೆ ಎಲೆಕ್ಟ್ರೀಷಿಯನ್‌ನ ಕರೆಯಿರಿ. ನಮ್ಮ ಪೆಟ್ಟಿಗೆ ತೆಗೆದಾಗ ಬೋರ್ಡಿನ ಒಂದು ಮೂಲೆಯಲ್ಲಿ ಇರುವೆಗಳು ಮಣ್ಣು ತಂದು ಗೂಡು ಕಟ್ಟಿದ್ದವು, ಬೋರ್ಡಿನ ಸ್ವಿಚ್‌ನಂತೆ ಕೆಲಸ ಮಾಡುವ ರಿಲೇ ಪಕ್ಕ ಬಿಳಿ ಮೊಟ್ಟೆಗಳು ರವೆ ಚೆಲ್ಲಿದ ಹಾಗೆ ಹರಡಿದ್ದವು. ಕೇಬಲ್ ಬರುವ ತೂತಿಗೆ ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿಯುವ ಬಿರಡೆ) ಹಾಕದೆ ಹಾಗೇ ಬಿಟ್ಟಿದ್ದೇ ಕಾರಣ. ಅದೇ ತೂತಿನಲ್ಲಿ ಹಲ್ಲಿಯೂ ನುಗ್ಗುತ್ತದೆ, ಸತ್ತ ಹಲ್ಲಿ ಬೋರ್ಡನ್ನೇ ಶಾರ್ಟ್ ಮಾಡುತ್ತದೆ. ಮೆತ್ತನೆ ಬ್ರಷ್ಷಿನಿಂದ ಗುಡಿಸಿ, ತೂತು ಮುಚ್ಚಿ.

ಆಂಟೆನಾ ನೋಡಿ. ರಿಸೀವರ್ ಬೋರ್ಡಿನಿಂದ ಹೊರಡುವ ಒಂಟಿ ತಂತಿ ಅದು. 433.92 ಮೆಗಾಹರ್ಟ್ಜ್‌ಗೆ ಕಾಲು ತರಂಗ ಅಂದರೆ ಸುಮಾರು 17 ಸೆಂ.ಮೀ., ಹಾಗಾಗಿ ತಂತಿಯ ಉದ್ದವೂ ಅಷ್ಟೇ ಇರುತ್ತದೆ. ಉದ್ದ ಹೆಚ್ಚಿದರೆ ಚೆನ್ನಾಗಿ ಹಿಡಿಯುತ್ತದೆ ಅಂತ ಮಾರುದ್ದದ ತಂತಿ ಬೆಸೆಯುವವರಿದ್ದಾರೆ, ಅದರಿಂದ ಕೆಡುತ್ತದೆಯೇ ಹೊರತು ಸುಧಾರಿಸುವುದಿಲ್ಲ. ಕಬ್ಬಿಣದ ಕಂಬದೊಳಗೆ ಸುರುಳಿ ಸುತ್ತಿ ತುರುಕಿದ್ದರೆ ಹೊರಗೆಳೆದು ನೆಟ್ಟಗೆ ನಿಲ್ಲಿಸಿ. ಎಷ್ಟೋ ಗೇಟುಗಳ ದೂರದ ಸಮಸ್ಯೆ ಇಷ್ಟರಲ್ಲೇ ಮುಗಿಯುತ್ತದೆ.

ಇನ್ನೊಂದು ಕಾರಣ ಹಬ್ಬದ ದಿನಗಳಲ್ಲಿ ಮಾತ್ರ ಬರುತ್ತದೆ. ದಸರೆಗೆ ಊರೆಲ್ಲ ದೀಪ ಹಾಕುವಾಗ ನಾವೂ ಕಾಂಪೌಂಡಿಗೆ ಎಲ್‌ಇಡಿ ಸೀರಿಯಲ್ ಸೆಟ್ ಕಟ್ಟುತ್ತೇವೆ. ಅಗ್ಗದ ಎಲ್‌ಇಡಿಗಳ ಡ್ರೈವರ್ ರೇಡಿಯೋ ಗದ್ದಲ ಎಬ್ಬಿಸುತ್ತದೆ, ರಿಸೀವರ್‌ಗೆ ರಿಮೋಟಿನ ದನಿ ಆ ಗದ್ದಲದಲ್ಲಿ ಕೇಳಿಸುವುದಿಲ್ಲ. ಸಂಜೆ ದೀಪ ಹಾಕಿದ ಮೇಲೆ ಮಾತ್ರ ಗೇಟು ಮೊಂಡು ಹಿಡಿದರೆ ಅನುಮಾನ ಅಲ್ಲಿಗೇ ಹೋಗಲಿ. ದೀಪದ ಪ್ಲಗ್ ಕಿತ್ತು ಹತ್ತು ಸಲ, ಹಾಕಿ ಹತ್ತು ಸಲ ಒತ್ತಿ ನೋಡಿ. ಗೇಟಿನ ಕಂಬದ ಮೇಲಿನ ಬಲ್ಬೂ ಇದೇ ಕೆಲಸ ಮಾಡಬಲ್ಲದು.

ತೆರೆಯುತ್ತದೆ, ಮುಚ್ಚುವುದಿಲ್ಲ

ಇದು ರಿಮೋಟಿನ ದೋಷವಲ್ಲ. ಗೇಟಿನ ಎರಡೂ ಬದಿಯಲ್ಲಿ ಮೊಣಕಾಲೆತ್ತರಕ್ಕೆ ಪುಟ್ಟ ಕಪ್ಪು ಕಣ್ಣುಗಳಿರುತ್ತವೆ. ಒಂದು ಕಣ್ಣು ಕಾಣದ ಬೆಳಕು ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ನಡುವೆ ಮಗುವೋ ನಾಯಿಯೋ ಬಂದರೆ ಗೇಟು ಮುಚ್ಚಬಾರದು ಅನ್ನುವುದಕ್ಕಾಗಿ ಈ ಏರ್ಪಾಡು. ಆಯುಧಪೂಜೆಯ ದಿನ ಕಾರಿನ ಮುಂದೆ ಬೂದುಗುಂಬಳ ಒಡೆದಾಗ ಕುಂಕುಮ ಬೆರೆತ ನೀರು ಸಿಡಿದು ಬಲಗಡೆ ಕಣ್ಣಿನ ಮೇಲೆ ಕೂತಿತ್ತು. ಒಣಗಿದ ಮೇಲೆ ಕಣ್ಣೇ ಕೆಂಪಾಗಿ ಮಂಕಾಗಿತ್ತು. ಸಾಲದ್ದಕ್ಕೆ ಕಂಬಕ್ಕೆ ಕಟ್ಟಿದ ಚೆಂಡು ಹೂವಿನ ಹಾರದ ತುದಿ ಗಾಳಿಗೆ ತೂಗಾಡಿ ಬೆಳಕಿಗೆ ಅಡ್ಡ ಬರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಹಾರವನ್ನು ಎತ್ತಿ ಕಟ್ಟಿದೆ, ಸರಿಹೋಯಿತು. ಈ ಕಣ್ಣುಗಳಿಗೆ ಅಡ್ಡತಂತಿ ಕೊಟ್ಟು ‘ಬೈಪಾಸ್’ ಮಾಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಿಸಬೇಡಿ. ಜಾರುವ ಗೇಟಿನ ತೂಕ ನೂರಾರು ಕಿಲೋ.

ಕೈ ರಿಮೋಟಿಗೆ ಓಡುತ್ತದೆ, ಕಾರಿನ ಬಟನ್‌ಗೆ ಒಮ್ಮೆಯೂ ಇಲ್ಲ

ಹಾಗಾದರೆ ಕಾರು ಪಾಠ ಕಲಿತಿಲ್ಲ, ಇಲ್ಲವೇ ಅರ್ಧ ಕಲಿತಿದೆ. ಕಲಿಸುವ ಕ್ರಮ ಕಾರಿನಿಂದ ಕಾರಿಗೆ ಸ್ವಲ್ಪ ಬೇರೆಯಾಗುತ್ತದೆ, ನಿಮ್ಮ ಕಾರಿನ ಪುಸ್ತಕದಲ್ಲಿ ಇರುವುದೇ ಅಂತಿಮ. ಸಾಮಾನ್ಯವಾಗಿ ಹೀಗೆ: ಇಗ್ನಿಷನ್ ಆನ್ ಮಾಡಿ, ಇಂಜಿನ್ ಬೇಡ. ಮುಚ್ಚಿದ ಗ್ಯಾರೇಜಿನಲ್ಲೋ ಬೇಸ್‌ಮೆಂಟಿನಲ್ಲೋ ಇಂಜಿನ್ ಓಡಿಸಿಕೊಂಡು ಕಲಿಸುತ್ತ ಕೂತರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆ ಇಲ್ಲ, ಪ್ರಾಣಕ್ಕೆ ಅಪಾಯ. ಮೊದಲ ಸಲವಾದರೆ, ಅಥವಾ ಕಾರು ಸೆಕೆಂಡ್ ಹ್ಯಾಂಡ್ ಆಗಿದ್ದರೆ, ಎರಡು ತುದಿಯ ಬಟನ್‌ಗಳನ್ನು ಒಟ್ಟಿಗೆ ಒತ್ತಿಹಿಡಿದು ದೀಪ ಪಟಪಟ ಮಿಟುಕುವ ತನಕ ಕಾಯಿರಿ. ಹಳೆಯದೆಲ್ಲ ಅಳಿಸಿತು ಎಂದರ್ಥ. ಇನ್ನೊಂದು ಬಟನ್‌ಗೆ ಕಲಿಸಿದ್ದೂ ಇದರಲ್ಲಿ ಹೋಗುತ್ತದೆ, ಹಾಗಾಗಿ ಒಂದೇ ಬಟನ್ ಕೆಟ್ಟಿದ್ದರೆ ಇದನ್ನು ಮಾಡಬೇಡಿ.

ಆಮೇಲೆ ಕೈ ರಿಮೋಟನ್ನು ಕಾರಿನ ಬಟನ್‌ನಿಂದ 2ರಿಂದ 8 ಸೆಂ.ಮೀ. ದೂರದಲ್ಲಿ ಹಿಡಿದು ಎರಡನ್ನೂ ಒಟ್ಟಿಗೆ ಒತ್ತಿ. ನಿಧಾನವಾಗಿ ಮಿಟುಕುತ್ತಿದ್ದ ದೀಪ ಬೇಗ ಬೇಗ ಮಿಟುಕಲು ಶುರುವಾದರೆ ಕೇಳಿಸಿಕೊಂಡಿತು. ಅರ್ಧ ನಿಮಿಷ ಬೇಕಾಗಬಹುದು. ಆಗದಿದ್ದರೆ ರಿಮೋಟನ್ನು ತಿರುಗಿಸಿ, ಸ್ವಲ್ಪ ದೂರ ಹಿಡಿದು ಮತ್ತೆ ನೋಡಿ. ಕೆಲವು ರಿಮೋಟ್‌ಗಳು ಒತ್ತಿಹಿಡಿದರೂ ಎರಡು ಸೆಕೆಂಡಿಗೆ ಸುಮ್ಮನಾಗುತ್ತವೆ. ಅಂಥದಿದ್ದರೆ ಕಾರಿನ ಬಟನ್ ಹಿಡಿದೇ ಇದ್ದು, ರಿಮೋಟನ್ನು ಬಿಟ್ಟು ಬಿಟ್ಟು ಒತ್ತುತ್ತಿರಬೇಕು. ರಿಮೋಟಿನ ಸೆಲ್ ಸೋತಿದ್ದರೂ ಪಾಠ ಇಲ್ಲೇ ನಿಲ್ಲುತ್ತದೆ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಹಳೆಯ ರಿಮೋಟ್‌ಗಳದು ಫಿಕ್ಸ್ಡ್ ಕೋಡ್, ಪ್ರತಿ ಸಲವೂ ಒಂದೇ ಮಾತು. ಅದನ್ನು ಕಾರು ಕೇಳಿ ಕಲಿತರೆ ಕೆಲಸ ಮುಗಿಯಿತು. ಹೊಸವು ರೋಲಿಂಗ್ ಕೋಡ್, ಪ್ರತಿ ಸಲ ಒತ್ತಿದಾಗಲೂ ಮಾತು ಬದಲಾಗುತ್ತದೆ. ಇಲ್ಲಿ ಕಾರು ಕಲಿತರೆ ಸಾಲದು, ಗೇಟೂ ಈ ಕಾರನ್ನು ತನ್ನವನೆಂದು ಒಪ್ಪಿಕೊಳ್ಳಬೇಕು. ಕಾರಿನ ಬಟನ್ ಒತ್ತಿದಾಗ ದೀಪ ಒಂದೆರಡು ಸೆಕೆಂಡ್ ಪಟಪಟ ಮಿಟುಕಿ ಆಮೇಲೆ ಸ್ಥಿರವಾದರೆ ನಿಮ್ಮದು ರೋಲಿಂಗ್ ಕೋಡ್. ಮೋಟರಿನ ಬೋರ್ಡಿನಲ್ಲಿ ‘ಲರ್ನ್’ ಎಂಬ ಪುಟ್ಟ ಬಟನ್ ಇರುತ್ತದೆ. ಅದನ್ನು ಒಮ್ಮೆ ಒತ್ತಿ ಬಿಟ್ಟು, ಸಾಮಾನ್ಯವಾಗಿ 30 ಸೆಕೆಂಡಿನೊಳಗೆ ಕಾರಿಗೆ ಬಂದು ಬಟನ್ನನ್ನು ಎರಡು ಮೂರು ಸಲ ಒತ್ತಬೇಕು. ಜೊತೆಗೊಬ್ಬರಿದ್ದರೆ ಓಡಾಟ ತಪ್ಪುತ್ತದೆ. ಲರ್ನ್ ಬಟನ್ನನ್ನು ಮಾತ್ರ ಹಿಡಿದೇ ಇರಬೇಡಿ, ಹತ್ತು ಸೆಕೆಂಡಿನಷ್ಟು ಹಿಡಿದರೆ ಅನೇಕ ಬೋರ್ಡುಗಳು ಮನೆಯವರೆಲ್ಲರ ರಿಮೋಟನ್ನೂ ಮರೆತುಬಿಡುತ್ತವೆ.

ಇಷ್ಟಾದರೂ ಒಪ್ಪದ ಗೇಟುಗಳಿವೆ. ಇಲ್ಲಿ ಸಿಗುವ ಎಷ್ಟೋ ಮೋಟರುಗಳ ರೋಲಿಂಗ್ ಕೋಡ್ ಕಾರಿನ ಪಟ್ಟಿಯಲ್ಲೇ ಇರುವುದಿಲ್ಲ. ಆಗ ಮೋಟರ್ ಬದಲಿಸುವುದು ಬೇಡ. ಕಾರಿಗೆ ಹೊಂದುವ ಇನ್ನೊಂದು ಸಣ್ಣ ರಿಸೀವರ್ ತಂದು, ಅದರ ರಿಲೇ ತಂತಿಗಳನ್ನು ಗೋಡೆಯ ಸ್ವಿಚ್ ಸೇರುವ ಟರ್ಮಿನಲ್‌ಗೇ ಕೊಟ್ಟರೆ ಮೋಟರಿಗೆ ಯಾರೋ ಸ್ವಿಚ್ ಒತ್ತಿದ ಹಾಗೆ ಕಾಣುತ್ತದೆ. ಹಳೆಯ ಕೈ ರಿಮೋಟೂ ಹಾಗೇ ನಡೆಯುತ್ತದೆ.

ಕೈ ರಿಮೋಟೇ ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದರೆ ಮಕ್ಕಳ ಕೈಗೆ ಸಿಕ್ಕಿತ್ತೇ ಅಂತ ವಿಚಾರಿಸಿ. ರೋಲಿಂಗ್ ಕೋಡ್ ರಿಮೋಟನ್ನು ಗೇಟಿನಿಂದ ದೂರದಲ್ಲಿ ಬಹಳ ಸಲ ಒತ್ತಿದರೆ ಅದರ ಲೆಕ್ಕ ಮುಂದೆ ಓಡಿ, ಗೇಟಿನ ಲೆಕ್ಕ ಹಿಂದೆ ಉಳಿಯುತ್ತದೆ. ಕೀಲಾಕ್ ಎಂಬ ಬಗೆಯ ರೋಲಿಂಗ್ ಕೋಡ್‌ನಲ್ಲಿ 16 ಒತ್ತುಗಳೊಳಗಿನ ಅಂತರವನ್ನು ಗೇಟು ತಾನೇ ಸರಿದೂಗಿಸಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದರೆ ಗೇಟಿನ ಮುಂದೆ ನಿಂತು ಬೆನ್ನುಬೆನ್ನಿಗೆ ಎರಡು ಸಲ ಒತ್ತಬೇಕು.

ಒಮ್ಮೆ ಆಗುತ್ತದೆ, ಒಮ್ಮೆ ಆಗುವುದಿಲ್ಲ

ನಮ್ಮದು ಈ ಜಾತಿಯದು. ಚೀಟಿಯಲ್ಲಿ ಬರೆದುಕೊಂಡದ್ದು ಇಲ್ಲೇ ಕೈ ಹಿಡಿದದ್ದು. ನಾನು ಸ್ಟಿಯರಿಂಗ್ ಹಿಂದೆ ಕೂತು ಒತ್ತಿದಾಗ ಹತ್ತರಲ್ಲಿ ಒಂದು. ಹೆಂಡತಿ ಕೂತಾಗ ಹತ್ತಕ್ಕೆ ಹತ್ತು. ಕೆಳಗಿಳಿದು ಕೈ ರಿಮೋಟ್ ಒತ್ತಿದಾಗಲೂ ಹತ್ತಕ್ಕೆ ಹತ್ತು. ಬೋರ್ಡ್ ಹೋಗಿದ್ದರೆ ಅದಕ್ಕೆ ಓಡಿಸುವವರು ಯಾರು ಅಂತ ಹೇಗೆ ತಿಳಿಯಬೇಕು?

ಮೊದಲು ಗಾಜಿನ ಮೇಲೆ ಅನುಮಾನಪಟ್ಟೆ. ಬಿಸಿಲು ತಡೆಯಲು ಲೋಹದ ತೆಳು ಲೇಪ ಇರುವ ಗಾಜು ಅಥವಾ ಫಿಲ್ಮ್ ರೇಡಿಯೋ ತರಂಗವನ್ನೂ ತಡೆಯುತ್ತದೆ. ಇದಕ್ಕೆ ಪರೀಕ್ಷೆ ಸುಲಭ, ಕಿಟಕಿ ಇಳಿಸಿ ಒತ್ತಿ ನೋಡುವುದು. ಇಳಿಸಿದಾಗ ದೂರ ಎದ್ದು ಕಾಣುವಷ್ಟು ಹೆಚ್ಚಿದರೆ ಗಾಜೇ ಕಾರಣ. ಫಾಸ್ಟ್ಯಾಗ್ 865ರಿಂದ 867 ಮೆಗಾಹರ್ಟ್ಜ್ ನಡುವೆ ಕೆಲಸ ಮಾಡುವಂಥದು, ಅದಕ್ಕೂ ಇದೇ ಕಂಟಕ. ಮಂಡ್ಯಕ್ಕೆ ಹೋಗಿಬರುವಾಗ ಗಣಂಗೂರು ಟೋಲಿನಲ್ಲಿ ನಮ್ಮ ಟ್ಯಾಗ್ ತಡವಿಲ್ಲದೆ ಓದಿಸಿಕೊಳ್ಳುತ್ತಿತ್ತು. ಕಿಟಕಿ ಇಳಿಸಿದರೂ ಗೇಟಿನ ಲೆಕ್ಕ ಬದಲಾಗಲಿಲ್ಲ. ಗಾಜನ್ನು ಕೈಬಿಟ್ಟೆ.

ಸುಳಿವು ಸಿಕ್ಕಿದ್ದು ಬೇರೆ ಕಡೆ. ಅದೇ ವಾರ ಅಂಗಡಿ ಮುಂದೆ ಕಾರು ನಿಲ್ಲಿಸಿ ನಾನು ಒಳಗೇ ಕೂತಿದ್ದೆ, ಇಳಿದುಹೋಗಿದ್ದ ಹೆಂಡತಿ ವಾಪಸು ಬರುತ್ತ ಇನ್ನೊಂದು ಕೀಲಿಯ ಬಟನ್ ಒತ್ತಿ ಡಿಕ್ಕಿ ತೆರೆಯಲು ನೋಡಿದಳು. ಮೂರು ಸಲ ಒತ್ತಿದರೂ ತೆರೆಯಲಿಲ್ಲ. ನಾನು ನೆರವಾಗಲು ಇಳಿದೆ, ತಕ್ಷಣ ತೆರೆಯಿತು. ಗೇಟೂ ಕೀಲಿಯೂ ಒಂದೇ 433ರ ಆಸುಪಾಸಿನವು. ಎರಡೂ ನಾನು ಸೀಟಿನಲ್ಲಿದ್ದಾಗ ಮಾತ್ರ ಕಿವುಡಾಗುತ್ತಿವೆ. ಅಂದರೆ ಕಾರಿನೊಳಗೆ ಯಾವುದೋ ಆ ತರಂಗದಲ್ಲಿ ಬಾಯಿ ಮುಚ್ಚದೆ ಕೂಗುತ್ತಿದೆ, ನಾನು ಎದ್ದರೆ ಸುಮ್ಮನಾಗುತ್ತದೆ.

ಸೀಟುಗಳ ನಡುವೆ ಮೆತ್ತನೆ ಮುಚ್ಚಳದ ಪೆಟ್ಟಿಗೆ ಇದೆ, ಅದೇ ಆರ್ಮ್‌ರೆಸ್ಟ್. ಆಯುಧಪೂಜೆಗೆ ಕಾರು ತೊಳೆಯುವಾಗ ಬಾಗಿಲಿನ ಜೇಬು, ಡ್ಯಾಶ್‌ಬೋರ್ಡು, ಸೀಟಿನ ಹಿಂದೆ ಬಿದ್ದಿದ್ದ ಸಾಮಾನನ್ನೆಲ್ಲ ಬಾಚಿ ಆ ಪೆಟ್ಟಿಗೆಗೆ ತುಂಬಿದ್ದೆ. ಅದರಲ್ಲಿ ಮಂಡ್ಯದ ನಮ್ಮ ತಂದೆಯ ಮನೆಯ ರೋಲಿಂಗ್ ಶಟರ್‌ನ ರಿಮೋಟೂ ಇತ್ತು. ಮುಚ್ಚಳ ತೆರೆದರೆ ಅದು ಸುಮ್ಮನೆ ಮಲಗಿರುತ್ತದೆ, ತಪ್ಪೇನೂ ಕಾಣುವುದಿಲ್ಲ. ಅದಕ್ಕೇ ರಾತ್ರಿ ಫೋನಿನಲ್ಲಿ ವಿಡಿಯೋ ಹಚ್ಚಿ ಪೆಟ್ಟಿಗೆಯೊಳಗೆ ನಿಲ್ಲಿಸಿ, ಮುಚ್ಚಳ ಹಾಕಿ, ದಿನಾ ಕೂರುವ ಹಾಗೆ ಮೊಣಕೈ ಊರಿದೆ. ತೆಗೆದು ನೋಡಿದರೆ ಮೊದಲು ಬರೀ ಕತ್ತಲು. ಆಮೇಲೆ ಒಂದು ಕೆಂಪು ಚುಕ್ಕೆ ಹೊತ್ತಿಕೊಂಡು ಟಯರ್ ಗಾಳಿ ಅಳೆಯುವ ಗೇಜಿನ ಅಂಚು ಕೆಂಪಗೆ ಕಂಡಿತು. ಮೊಣಕೈ ಎತ್ತಿದ ಕ್ಷಣ ಚುಕ್ಕೆ ಆರಿತು. ಮುಚ್ಚಳ ಗೇಜನ್ನು ಒತ್ತುತ್ತಿತ್ತು, ಗೇಜು ರಿಮೋಟಿನ ಬಟನ್ನನ್ನು. ಬಲಗೈಯಲ್ಲಿ ವೈಸರ್‌ನ ಬಟನ್ ಒತ್ತುವಾಗ ನನ್ನ ಎಡ ಮೊಣಕೈ ಯಾವಾಗಲೂ ಅಲ್ಲೇ ಊರಿರುತ್ತದೆ. ಹೆಂಡತಿ ಸೀಟು ಮುಂದಕ್ಕೆಳೆದು ಕೂರುವುದರಿಂದ ಅವಳ ಕೈಗೆ ಆರ್ಮ್‌ರೆಸ್ಟ್ ಸಿಗುವುದೇ ಇಲ್ಲ.

ಫಿಕ್ಸ್ಡ್ ಕೋಡಿನ ಹಳೆ ರಿಮೋಟು ಬಟನ್ ಒತ್ತಿರುವಷ್ಟು ಹೊತ್ತೂ ಕೂಗುತ್ತಲೇ ಇರುತ್ತದೆ. ಆ ಐದು ದಿನದಲ್ಲಿ ಮಂಡ್ಯಕ್ಕೆ ಹೋಗಿದ್ದರೆ, ನಾವು ಮನೆ ಹತ್ತಿರ ಬರುತ್ತಿದ್ದಂತೆ ಯಾರೂ ಹೇಳದೆ ಶಟರ್ ಏಳುತ್ತಿತ್ತು ಅಥವಾ ಇಳಿಯುತ್ತಿತ್ತು. ಆ ಶಟರ್ ಅಡಿಯಲ್ಲಿ ಅಣ್ಣನ ಮಕ್ಕಳು ಆಡುತ್ತಿರುತ್ತಾರೆ. ಗೇಟು ತೆರೆಯದ ಕಿರಿಕಿರಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಅದು.

ನಿಮಗೂ ಇಂಥ ಲಕ್ಷಣ ಕಂಡರೆ ಕಾರಿನಲ್ಲಿರುವ ಎಲ್ಲ ರಿಮೋಟುಗಳನ್ನೂ ಹೊರಗೆ ತೆಗೆದು, ಸೆಲ್ ಕಿತ್ತು ಮನೆಯೊಳಗಿಡಿ. ಅಪಾರ್ಟ್‌ಮೆಂಟಿನದು, ಊರಿನ ಮನೆಯದು, ಹಳೆ ಕಾರಿನ ಕೀಲಿ, ಯಾವುದನ್ನೂ ಬಿಡಬೇಡಿ. ಸರಿಹೋದರೆ ಒಂದೊಂದೇ ವಾಪಸು ಹಾಕಿ ನೋಡಿ. ರಿಪೇರಿಯವರನ್ನು ಕರೆಯುವ ಮುಂಚೆ ಮಾಡಬೇಕಾದ ಕೆಲಸ ಇದು, ಖರ್ಚು ಏನೂ ಇಲ್ಲ.

ಪೆಟ್ಟಿಗೆ, ಗೂಡುಗಳ ಬಗ್ಗೆ

ರಿಮೋಟನ್ನು ಎಲ್ಲಿಡಬೇಕು ಅಂದರೆ, ಒತ್ತಡ ಬೀಳದ, ಬಿಸಿಲು ತಾಗದ ಜಾಗದಲ್ಲಿ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಗ್ಲೋವ್ ಬಾಕ್ಸ್‌ನಲ್ಲಿಟ್ಟರೆ ಸಾಕು. ಡ್ಯಾಶ್‌ಬೋರ್ಡ್ ಮೇಲೆ ಬೇಡ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 50 ಡಿಗ್ರಿ ಸುಲಭವಾಗಿ ದಾಟುತ್ತದೆ, ಸೆಲ್ ಸೋರಿ ರಿಮೋಟಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಪವರ್ ಬ್ಯಾಂಕ್, ಲೈಟರ್, ಸ್ಪ್ರೇ ಡಬ್ಬಿಗಳನ್ನಂತೂ ಯಾವ ಗೂಡಿನಲ್ಲೂ ಬಿಡಬೇಡಿ.

ಗ್ಲೋವ್ ಬಾಕ್ಸ್ ಮುಚ್ಚಿಕೊಳ್ಳದಿದ್ದರೆ ಹೆಚ್ಚಾಗಿ ಕಾರಣ ಎರಡೇ. ಪುಸ್ತಕ, ಕಾಗದಪತ್ರ ತುಂಬಿ ಉಬ್ಬಿರುತ್ತದೆ. ಇಲ್ಲವೇ ಇತ್ತೀಚೆಗೆ ಎಸಿ ಫಿಲ್ಟರ್ ಬದಲಿಸಿರುತ್ತಾರೆ. ಬಹಳ ಕಾರುಗಳಲ್ಲಿ ಆ ಫಿಲ್ಟರ್ ಗ್ಲೋವ್ ಬಾಕ್ಸ್ ಹಿಂದೆಯೇ ಇರುತ್ತದೆ, ಪೆಟ್ಟಿಗೆಯ ಎರಡು ಪಕ್ಕ ಒಳಕ್ಕೆ ಒತ್ತಿ ಕೆಳಗಿಳಿಸುತ್ತಾರೆ, ವಾಪಸು ಕೂರಿಸುವಾಗ ಒಂದು ಪಕ್ಕದ ತಡೆ ಸರಿಯಾಗಿ ಕೂತಿರುವುದಿಲ್ಲ. ಬಾಗಿಲು ಪೂರ್ತಿ ಮುಚ್ಚದೆ ಒಳಗಿನ ದೀಪ ಉರಿಯುತ್ತಲೇ ಇದ್ದರೆ ಕಾರಿನ ಬ್ಯಾಟರಿ ಇಳಿಯುತ್ತದೆ. ಚಾವಣಿಯ ಕನ್ನಡಕದ ಗೂಡು ಹಂಪ್ ಮೇಲೆ ತಾನೇ ತೆರೆದುಕೊಂಡರೆ ಕನ್ನಡಕ ದಪ್ಪನಾಗಿದೆಯೇ ನೋಡಿ. ಅದನ್ನು ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ಎಷ್ಟೋ ಕಾರುಗಳಲ್ಲಿ ಗೇಟಿನ ಬಟನ್‌ಗಳ ತಂತಿ ಅದೇ ಫಲಕದ ಹಿಂದೆ ಹಾದಿರುತ್ತದೆ.

ಕಾರನ್ನು ಮಾರುವಾಗ ತುದಿಯ ಎರಡು ಬಟನ್ ಒತ್ತಿ ಎಲ್ಲ ಅಳಿಸಿಯೇ ಕೊಡಿ. ಇಲ್ಲದಿದ್ದರೆ ನಿಮ್ಮ ಮನೆಯ ಬೀಗದ ಕೈಯನ್ನೂ ಕಾರಿನ ಜೊತೆ ಕೊಟ್ಟಂತೆ. ನಾವು ಕಾರು ಕೊಂಡಾಗ ಒಂದು ಬಟನ್‌ನಲ್ಲಿ ಹಿಂದಿನವರ ಯಾವುದೋ ಬಾಗಿಲಿನ ಕೋಡ್ ಇನ್ನೂ ಉಳಿದಿತ್ತು.

ಕರೆಂಟು ಹೋದಾಗ ಗೇಟನ್ನು ಕೈಯಲ್ಲಿ ತಳ್ಳಲು ಮೋಟರಿನ ಹಿಡಿತ ಬಿಡಿಸುವ ಒಂದು ಸಣ್ಣ ಕೀಲಿ ಕೊಟ್ಟಿರುತ್ತಾರೆ. ಅದನ್ನು ಎಲ್ಲರೂ ಒಳಗೆ ಬೀರುವಿನಲ್ಲಿಡುತ್ತಾರೆ, ಬೇಕಾಗುವುದು ಹೊರಗೆ ನಿಂತಾಗ. ಅದರ ಒಂದು ನಕಲು ಮಾಡಿಸಿ ಕಾರಿನಲ್ಲಿಟ್ಟುಕೊಳ್ಳಿ. ಮೋಟರು ಕಾಂಪೌಂಡಿನ ಒಳಬದಿಯಲ್ಲಿರುವುದರಿಂದ ಪಕ್ಕದ ಸಣ್ಣ ಬಾಗಿಲಿನ ಕೀಲಿಯೂ ಅದರ ಜೊತೆಗಿರಲಿ. ನಮ್ಮವೆರಡೂ ಈಗ ಗ್ಲೋವ್ ಬಾಕ್ಸ್‌ನಲ್ಲಿವೆ, ಶಟರ್‌ನ ರಿಮೋಟ್ ಇರುವ ಅದೇ ಗಟ್ಟಿ ಡಬ್ಬಿಯ ಪಕ್ಕದಲ್ಲಿ.